ಬಂದರ್ ಖೈರಾನಿನ ಕೊಳ್ಳಿದೆವ್ವ

ರೂವಿ, ದಾರ್‌ಸೈತ್, ಅಲ್ ಖುವೈರ್‌ಗಳಲ್ಲಿ ಬಾಡಿಗೆ ಮನೆ ಹಿಡಿದಿರುವ ಮಸ್ಕತ್‌ನ ಕನ್ನಡ ಸಂಸಾರಗಳಿಗೆ ವಾರಾಂತ್ಯ ಗುರುವಾರ ಸಂಜೆಗೇ ಶುರು. ಶುಕ್ರವಾರ, ಶನಿವಾರ ರಜೆ. ಸಂಕ್ರಾಂತಿ ಕಳೆದು ಹವೆ ಹಿತವಾಗಿರುವ ದಿನಗಳಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊ ಸುತ್ತತೊಡಗುತ್ತದೆ. ಪೂರ್ತಿ ಕತ್ತಲು. ಯಾರದೋ ಮಕ್ಕಳ ಕೂಗು. ಹುಟ್ಟು ನೀರಿಗೆ ಬಿದ್ದ ಕಡೆಯಲ್ಲೆಲ್ಲ ನೀಲಿ ಬೆಳಕು ಭಗ್ಗೆಂದು ಹತ್ತಿ, ಅಷ್ಟೇ ಬೇಗ ಆರುತ್ತದೆ. ಮಸ್ಕತ್‌ನಿಂದ ಆಗ್ನೇಯಕ್ಕೆ, ಬೋಳು ಬೆಟ್ಟಗಳ ನಡುವೆ ಕಡಲು ಬೆರಳು ಚಾಚಿದಂತೆ ಒಳನುಗ್ಗಿರುವ ಬಂದರ್ ಖೈರಾನ್ ಎಂಬ ಜಾಗ ಅದು. ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ಜನ ಕಾಯಾಕ್ ಬಾಡಿಗೆಗೆ ಹಿಡಿದು, ಮಾಂಗ್ರೋವ್ ಅಂಚಿನ ನಿಂತ ನೀರಿಗಿಳಿದು ಆ ಬೆಳಕನ್ನು ನೋಡಿ ಬರುತ್ತಾರೆ.

ಮಲೆನಾಡಿನವರು ನೋಡಿದ್ದರೆ ಕೊಳ್ಳಿದೆವ್ವ ಎನ್ನುತ್ತಿದ್ದರು. ಗದ್ದೆಯಂಚಿನಲ್ಲಿ, ಕೆರೆಯ ಹಿನ್ನೀರಿನಲ್ಲಿ ರಾತ್ರಿ ಹೊತ್ತಿ ಆರುವ ಬೆಳಕಿಗೆ ನಮ್ಮಲ್ಲಿ ಬೇರೆ ಹೆಸರೇ ಇಲ್ಲ. ಅದನ್ನು ಭೂತ ಎಂದರೆ ಮಾತ್ರ ತುಳುನಾಡಿನವರು ಒಪ್ಪರು. ಅವರಿಗೆ ಭೂತವೆಂದರೆ ವರ್ಷಕ್ಕೊಮ್ಮೆ ಕೋಲ ಕೊಟ್ಟು ನ್ಯಾಯ ಕೇಳುವ ದೈವ. ಕತ್ತಲೆಯಲ್ಲಿ ಹೆದರಿಸಲು ಬರುವ ಯಾವುದೋ ಪಿಶಾಚಿಯನ್ನು ಆ ಹೆಸರಿನಿಂದ ಕರೆದರೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ.

ಆ ನೀರಿಗೆ ಕೈ ಹಾಕಿ ಆಡಿಸಿದರೆ ಬೆರಳುಗಳ ಆಕಾರಕ್ಕೇ ಬೆಳಕು ಮೂಡುತ್ತದೆ. ಕೈ ನಿಲ್ಲಿಸಿದರೆ ಕತ್ತಲು. ಕೈ ಮೇಲೆತ್ತಿದರೆ ಮುಂಗೈಯ ಕೂದಲಿನಲ್ಲಿ ಒಂದೆರಡು ಚುಕ್ಕಿ ಇನ್ನೂ ಮಿಣುಕುತ್ತಿರುತ್ತವೆ. ದೋಣಿಯ ಅಡಿಯಲ್ಲಿ ಮೀನು ಹಾಯ್ದರೆ ಅದು ಹೋದ ದಾರಿಯೇ ಗೆರೆ ಎಳೆದಂತೆ ಕಾಣುತ್ತದೆ. ಇದನ್ನೆಲ್ಲ ಮಾಡುವ ಜೀವಿಯ ಹೆಸರು ನಾಕ್ಟಿಲ್ಯೂಕಾ ಸಿಂಟಿಲ್ಯಾನ್ಸ್. ಒಂದೇ ಕೋಶದ ಜೀವಿಯಾದರೂ ಗಾತ್ರದಲ್ಲಿ ಗಸಗಸೆ ಕಾಳಿಗೆ ಸಮೀಪ, ಗಾಜಿನ ಲೋಟದಲ್ಲಿ ಹಿಡಿದರೆ ಬರಿಗಣ್ಣಿಗೇ ಕಾಣುತ್ತದೆ. ಅದರ ಮೈಯನ್ನು ಅಲೆಯೋ ಹುಟ್ಟೋ ತಟ್ಟಿದಾಗ ಒಳಗೆ ಲೂಸಿಫೆರಿನ್, ಲೂಸಿಫೆರೇಸ್ ಎಂಬ ರಾಸಾಯನಿಕಗಳು ಕೂಡಿ, ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತು ನೀಲಿ ಬೆಳಕು ಹೊಮ್ಮುತ್ತದೆ. ಅದರ ತರಂಗದೂರ ಸುಮಾರು 470 ನ್ಯಾನೊಮೀಟರ್. ನೀರಿನಲ್ಲಿ ಬಹು ದೂರ ಸಾಗುವುದು ನೀಲಿಯೇ, ಕೆಂಪನ್ನು ನೀರು ಬೇಗ ನುಂಗಿಬಿಡುತ್ತದೆ. ತನ್ನನ್ನು ತಿನ್ನಲು ಬಂದ ಸಣ್ಣ ಸಿಗಡಿಯಂಥ ಜೀವಿಯ ಮೇಲೆ ಬೆಳಕು ಚೆಲ್ಲಿದರೆ, ಆ ಜೀವಿಯನ್ನು ತಿನ್ನುವ ಮೀನಿಗೆ ಸುಳಿವು ಸಿಗುತ್ತದೆ. ಕಳ್ಳ ಬಂದಾಗ ಕೂಗೆಬ್ಬಿಸುವ ಉಪಾಯ ಇದು ಎಂಬುದು ಈ ಬೆಳಕಿಗೆ ವಿಜ್ಞಾನಿಗಳು ಕೊಡುವ ಕಾರಣಗಳಲ್ಲಿ ಒಂದು.

ರಾತ್ರಿಯ ವಿಡಿಯೊ ಹಾಕುವವರು ಅದೇ ನೀರಿನ ಹಗಲಿನ ಚಿತ್ರ ಹಾಕುವುದಿಲ್ಲ. ಹಾಕಿದರೆ ಯಾರೂ ಕಾಯಾಕ್ ಬಾಡಿಗೆಗೆ ಹಿಡಿಯಲಾರರು. ಹಗಲಿನಲ್ಲಿ ಅದು ದಟ್ಟ ಹಸಿರು ಲೋಳೆ. ದಡಕ್ಕೆ ಬಂದು ಸತ್ತು ಕೊಳೆತರೆ ವಾಸನೆ. ಅರಬ್ಬಿ ಸಮುದ್ರದ ಈ ನಾಕ್ಟಿಲ್ಯೂಕಾ ತನ್ನ ಹೊಟ್ಟೆಯೊಳಗೆ ಸಾವಿರಾರು ಹಸಿರು ಪಾಚಿಕೋಶಗಳನ್ನು ಸಾಕಿಕೊಂಡಿರುತ್ತದೆ. ಅವು ಬಿಸಿಲಿನಲ್ಲಿ ಅಡುಗೆ ಮಾಡಿ ಆಶ್ರಯದಾತನಿಗೂ ಬಡಿಸುತ್ತವೆ. ಅಷ್ಟು ಸಾಲದೆಂದು ಇದು ಸಿಕ್ಕಿದ್ದನ್ನೂ ಹಿಡಿದು ತಿನ್ನುತ್ತದೆ. ಬೇಸಾಯವೂ ಉಂಟು, ಬೇಟೆಯೂ ಉಂಟು. ಈ ಎರಡು ಕಸುಬಿನ ವಿಚಾರ ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

ಒಮಾನಿಗೆ ಬೆಳಕು ಮತ್ತು ಅಗೋಚರ ಜೀವಗಳ ನಂಟು ಹೊಸದಲ್ಲ. ಇಸ್ಲಾಮಿನ ನಂಬಿಕೆಯಂತೆ ಜಿನ್‌ಗಳು ಹುಟ್ಟಿದ್ದೇ ಹೊಗೆಯಿಲ್ಲದ ಬೆಂಕಿಯಿಂದ. 1987ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಬಹ್ಲಾ ಕೋಟೆಯ ಊರಿನಲ್ಲಿ, ಊರು ಸುತ್ತುವ ಮಣ್ಣಿನ ಗೋಡೆಯನ್ನು ಜಿನ್‌ಗಳು ಒಂದೇ ರಾತ್ರಿಯಲ್ಲಿ ಕಟ್ಟಿದವೆಂದು ಹೇಳುತ್ತಾರೆ. ದೇವನಹಳ್ಳಿ ಕಡೆಯ ಬೊಮ್ಮಾವರದ ಸುಂದರೇಶ್ವರ ಗುಡಿಯನ್ನು ದೆವ್ವಗಳು ಕಟ್ಟಿದವೆಂದು ಹೇಳುವ ನಮಗೆ ಇದು ಪರಕೀಯ ಅನ್ನಿಸಬೇಕಿಲ್ಲ. ಒಮಾನಿನಲ್ಲೇ, ಸೆಲ್ಮಾ ಪ್ರಸ್ಥಭೂಮಿಯ ಮೇಲೆ, ಊರವರು ಖೋಶಿಲತ್ ಮಖಂದೇಲಿ ಎನ್ನುವ ಗುಹೆಯೊಂದಿದೆ. ಹೊರಗಿನವರಿಗೆ ಅದು ಮಜ್ಲಿಸ್ ಅಲ್ ಜಿನ್, ಜಿನ್‌ಗಳ ಸಭಾಂಗಣ. 1983ರಲ್ಲಿ ನೀರಿನ ಮೂಲಗಳನ್ನು ಹುಡುಕುತ್ತಿದ್ದ ಡಾನ್ ಡೇವಿಸನ್ ಮತ್ತು ಅವರ ಪತ್ನಿ ಚೆರಿಲ್ ಜೋನ್ಸ್ ಅದನ್ನು ಹೊರಜಗತ್ತಿಗೆ ಪರಿಚಯಿಸಿದರು. ಒಳಗಿನ ಕೋಣೆ ಸುಮಾರು 310 ಮೀಟರ್ ಉದ್ದ, 225 ಮೀಟರ್ ಅಗಲ, 120 ಮೀಟರ್ ಎತ್ತರ. ಚಾವಣಿಯಲ್ಲಿ ಮೂರು ತೂತುಗಳಿವೆ. ಅಲ್ಲಿಂದ ಬಿಸಿಲು ಕೋಲಾಗಿ ಇಳಿದು, ಸೂರ್ಯ ಸರಿದಂತೆ ನೆಲದ ಮೇಲೆ ಸರಿಯುತ್ತದೆ. ಇಂಥ ಜಾಗಕ್ಕೆ ಜಿನ್‌ಗಳ ಹೆಸರು ಬಾರದಿದ್ದರೇ ಆಶ್ಚರ್ಯ.

ಇಂಗ್ಲಿಷಿನವರಿಗೆ ಒಂದು ಅನುಕೂಲವಿದೆ. ಪ್ರೇತಕ್ಕೂ ಬೆಳಕಿನ ಬಣ್ಣಗಳ ಸಾಲಿಗೂ ಅವರು ಸ್ಪೆಕ್ಟ್ರಲ್ ಎಂಬ ಒಂದೇ ಗುಣವಾಚಕ ಬಳಸುತ್ತಾರೆ. ಕಣ್ಣಿಗೆ ಕಂಡ ಛಾಯೆ, ಮಾಯಾರೂಪ ಎಂಬ ಅರ್ಥದ ಲ್ಯಾಟಿನ್ ಮಾತನ್ನು ನ್ಯೂಟನ್ 1672ರಲ್ಲಿ, ಪಟ್ಟಕದಿಂದ ಹಾಯ್ದು ಗೋಡೆಯ ಮೇಲೆ ಬಿದ್ದ ಬಣ್ಣದ ಪಟ್ಟಿಗೆ ಬಳಸಿದ ಮೇಲೆ ಹೀಗಾಯಿತು. ನಮ್ಮ ಪಠ್ಯಪುಸ್ತಕಗಳು ರೋಹಿತವನ್ನೂ ದೆವ್ವವನ್ನೂ ಬೇರೆ ಬೇರೆ ಕೋಣೆಗಳಲ್ಲಿ ಇಟ್ಟಿವೆ. ಒಮಾನಿನ ಕಡಲಿನಲ್ಲಿ ಮಾತ್ರ ಅವು ಒಂದೇ ಕಡೆ ಸಿಗುತ್ತವೆ.

ಬಂದರ್ ಖೈರಾನಿನ ಬೆಳಕಿಗೆ ಏನಾದರೂ ತಟ್ಟಬೇಕು. ಅರಬ್ಬಿ ಸಮುದ್ರದಲ್ಲಿ ಇನ್ನೊಂದು ಬೆಳಕಿದೆ, ಅದಕ್ಕೆ ಯಾರೂ ತಟ್ಟಬೇಕಿಲ್ಲ. ದಿಗಂತದಿಂದ ದಿಗಂತದವರೆಗೆ ಇಡೀ ಕಡಲು ಬೆಳ್ಳಗೆ, ಅಲುಗದೆ, ರಾತ್ರಿಯೆಲ್ಲ ಹೊಳೆಯುತ್ತದೆ. ನಾವಿಕರು ಇದನ್ನು ಹಾಲ್ಗಡಲು ಎಂದೇ ಕರೆದರು. ಪುರಾಣ ಕೇಳಿ ಬೆಳೆದ ನಮಗೆ ಹಾಲ್ಗಡಲು ಅಂದರೆ ಶೇಷಶಯನನೇ ನೆನಪಾಗುವುದು. ಆದರೆ ಕಂಡವರಿಗೆ ಭಕ್ತಿ ಹುಟ್ಟಲಿಲ್ಲ, ಭಯ ಹುಟ್ಟಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅಲಬಾಮಾ ಎಂಬ ದಕ್ಷಿಣದವರ ಯುದ್ಧನೌಕೆ 1864ರ ಜನವರಿಯಲ್ಲಿ ಕೇರಳದ ಅಂಚುತೆಂಗಿನಿಂದ ಹೊರಟು ಆಫ್ರಿಕಾದತ್ತ ಸಾಗುವಾಗ ಇಂಥ ನೀರಿನೊಳಗೆ ಹೊಕ್ಕಿತ್ತು. ಕಪ್ತಾನ ರಾಫೆಲ್ ಸೆಮ್ಸ್ ತನ್ನ ನೆನಪುಗಳಲ್ಲಿ ಆ ರಾತ್ರಿಯ ಬಗ್ಗೆ ಬರೆದಿದ್ದಾನೆ. ನೂರಾರು ವರ್ಷ ಇಂಥ ಮಾತುಗಳನ್ನು ನೆಲದ ಮೇಲಿನವರು ನಂಬಿದ್ದು ಅಷ್ಟಕ್ಕಷ್ಟೆ. ರಮ್ ಕುಡಿದ ನಾವಿಕರ ಕಥೆ ಎಂದು ನಕ್ಕವರೇ ಹೆಚ್ಚು.

ನಗು ನಿಂತದ್ದು ಉಪಗ್ರಹದಿಂದ. 1995ರ ಜನವರಿ 25ರಂದು ಬ್ರಿಟನ್ನಿನ ಲಿಮಾ ಎಂಬ ವ್ಯಾಪಾರಿ ಹಡಗು ಸೊಮಾಲಿಯಾ ಕರಾವಳಿಯಾಚೆ ಇಂಥ ಬೆಳಕಿಗೆ ಸಿಕ್ಕಿ, ದಾಟಿ ಬರಲು ಸುಮಾರು ಆರು ಗಂಟೆ ಹಿಡಿಯಿತೆಂದು ದಿನಚರಿಯಲ್ಲಿ ದಾಖಲಿಸಿತು. ಹತ್ತು ವರ್ಷದ ಮೇಲೆ ಸ್ಟೀವನ್ ಮಿಲ್ಲರ್ ಎಂಬ ಹವಾಮಾನ ವಿಜ್ಞಾನಿ ಆ ದಿನಾಂಕ, ಆ ಜಾಗ ಹಿಡಿದು ಅಮೆರಿಕದ ಸೇನಾ ಹವಾಮಾನ ಉಪಗ್ರಹದ ಹಳೆಯ ಚಿತ್ರಗಳನ್ನು ತೆಗೆಸಿ ನೋಡಿದರು. ಅದು ಅಲ್ಲೇ ಇತ್ತು, ಮೂರು ರಾತ್ರಿ ಇತ್ತು. 15,400 ಚದರ ಕಿಲೊಮೀಟರ್, ಅಂದರೆ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. 2019ರಲ್ಲಿ ಜಾವಾದ ದಕ್ಷಿಣಕ್ಕೆ ಕಂಡ ಹಾಲ್ಗಡಲು ಒಂದು ಲಕ್ಷ ಚದರ ಕಿಲೊಮೀಟರನ್ನೂ ಮೀರಿತ್ತು. ಆಗ ಅದರ ನಡುವೆಯೇ ಹಾದುಹೋದ ಪುಟ್ಟ ಹಾಯಿದೋಣಿಯ ಹೆಸರು ಗಣೇಶ. ದೋಣಿಯವರು ಒಂದು ಬಕೆಟ್ ನೀರೆತ್ತಿ ನೋಡಿದರು. ಒಳಗೆ ಚುಕ್ಕಿಗಳು ಮಿಣುಕದೆ, ಒಂದೇ ಸಮನೆ ಬೆಳಗುತ್ತಿದ್ದವು. ಕಲಕಿದರೆ ಬೆಳಕು ಕುಂದಿತು. ಬಂದರ್ ಖೈರಾನಿನಲ್ಲಿ ಆಗುವುದಕ್ಕೆ ಪೂರಾ ತದ್ವಿರುದ್ಧ.

ಇದು ಬೇರೆಯೇ ಜೀವಿಯ ಕೆಲಸ, ಬ್ಯಾಕ್ಟೀರಿಯಾದ್ದು. 1985ರಲ್ಲಿ ಸೊಕೋಟ್ರಾ ದ್ವೀಪದ ಹತ್ತಿರ ಅಮೆರಿಕದ ಸಂಶೋಧನಾ ಹಡಗೊಂದು ಹಾಲ್ಗಡಲಿನ ನೀರನ್ನು ಹಿಡಿದು ಪರೀಕ್ಷಿಸಿದಾಗ ವಿಬ್ರಿಯೊ ಹಾರ್ವೆಯಿ ಎಂಬ ಬೆಳಗುವ ಬ್ಯಾಕ್ಟೀರಿಯಾ ಸಿಕ್ಕಿತು. ಒಂಟಿಯಾಗಿದ್ದಾಗ ಇವು ಬೆಳಗುವುದಿಲ್ಲ. ಪ್ರತಿಯೊಂದೂ ನೀರಿಗೆ ಒಂದಿಷ್ಟು ರಾಸಾಯನಿಕ ಬಿಡುತ್ತಿರುತ್ತದೆ. ಅದರ ಸಾಂದ್ರತೆ ಒಂದು ಮಿತಿ ದಾಟಿತೆಂದರೆ ಸುತ್ತಲೂ ಸಾಕಷ್ಟು ಮಂದಿ ಸೇರಿದ್ದಾರೆಂದು ತಿಳಿದು ಎಲ್ಲವೂ ಒಟ್ಟಿಗೆ ದೀಪ ಹಚ್ಚುತ್ತವೆ. ಕೊಳೆಯುವ ಪಾಚಿಗೆ ಅಂಟಿಕೊಂಡು ಬೆಳಗಿದರೆ ಮೀನು ನುಂಗುತ್ತದೆ, ಮೀನಿನ ಹೊಟ್ಟೆ ಅವುಗಳಿಗೆ ಒಳ್ಳೆಯ ಮನೆ ಎಂಬುದೊಂದು ವಾದ. ಅಂದಹಾಗೆ, ಆ ಬೆಳಕೂ ಬಿಳಿಯಲ್ಲ, ನೀಲಿಯೇ. ಕತ್ತಲಿಗೆ ಒಗ್ಗಿದ ಕಣ್ಣಿನಲ್ಲಿ ದುಡಿಯುವ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲವಾದ್ದರಿಂದ ನಾವಿಕರಿಗೆ ಹಾಲಿನಂತೆ ಕಂಡಿತು. ಆ ಬಿಳುಪು ಕಡಲಿನಲ್ಲಿ ಇರಲಿಲ್ಲ, ನೋಡಿದವರ ಕಣ್ಣಲ್ಲಿತ್ತು.

2025ರಲ್ಲಿ ಮಿಲ್ಲರ್ ಮತ್ತು ಜಸ್ಟಿನ್ ಹಡ್ಸನ್ ನಾಲ್ಕು ಶತಮಾನಗಳ 400ಕ್ಕೂ ಹೆಚ್ಚು ದಾಖಲೆಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಹಾಲ್ಗಡಲು ಹೆಚ್ಚಾಗಿ ಕಾಣುವುದು ಎರಡೇ ಕಡೆ: ಅರಬ್ಬಿ ಸಮುದ್ರದ ಪಶ್ಚಿಮ ಭಾಗ ಮತ್ತು ಆಗ್ನೇಯ ಏಷ್ಯಾದ ನೀರು. ಅರಬ್ಬಿ ಸಮುದ್ರದಲ್ಲಿ ಹೆಚ್ಚಾಗಿ ಕಾಣುವುದು ಮುಂಗಾರಿನ ಗಾಳಿ ಬೀಸುವ ತಿಂಗಳುಗಳಲ್ಲಿ, ಅಷ್ಟಿಷ್ಟು ಜನವರಿಯಲ್ಲಿ. ಕೊಡಗಿನಲ್ಲಿ ಮಳೆ ಹೊಯ್ಯಿಸುವ ಅದೇ ಗಾಳಿ ಒಮಾನಿನ ದಕ್ಷಿಣ ಕರಾವಳಿಯ ಮೇಲ್ನೀರನ್ನು ಕಡಲಿನಾಚೆ ತಳ್ಳಿ, ತಳದ ತಣ್ಣನೆಯ ಸಾರವತ್ತಾದ ನೀರನ್ನು ಮೇಲಕ್ಕೆಳೆಯುತ್ತದೆ. ಪಾಚಿ ಹುಲುಸಾಗಿ ಬೆಳೆದು ಸಾಯುತ್ತದೆ. ಬ್ಯಾಕ್ಟೀರಿಯಾಕ್ಕೆ ಅಷ್ಟೇ ಬೇಕಾದದ್ದು.

ಈಗ ಬಣ್ಣ ಅಳೆಯುವವರ ಕಡೆಗೆ ಬರೋಣ. ಕಡಲಿನ ನೀಲಿ ಆಕಾಶದ ಪ್ರತಿಬಿಂಬ ಮಾತ್ರ ಎಂಬ ಭೌತವಿಜ್ಞಾನಿ ರೇಲಿಯ ಮಾತನ್ನು ಸಿ.ವಿ. ರಾಮನ್ 1921ರಲ್ಲಿ, ಇಂಗ್ಲೆಂಡಿನಿಂದ ನರ್ಕುಂಡಾ ಹಡಗಿನಲ್ಲಿ ಮರಳುವಾಗ, ಕೈಯಲ್ಲಿದ್ದ ನಿಕೋಲ್ ಪಟ್ಟಕದಿಂದ ಆಕಾಶದ ಪ್ರತಿಫಲನವನ್ನು ಅಡಗಿಸಿ ನೋಡಿ ತಳ್ಳಿಹಾಕಿದರು. ನೀರಿಗೆ ತನ್ನದೇ ಬಣ್ಣವಿದೆ, ಅದು ಒಳಗಿನ ಅಣುಗಳು ಬೆಳಕನ್ನು ಚದುರಿಸುವುದರಿಂದ ಬರುತ್ತದೆ ಎಂದರು. ಹಡಗು ಮುಂಬಯಿ ಬಂದರಿಗೆ ಬರುವಷ್ಟರಲ್ಲಿ ನೇಚರ್ ಪತ್ರಿಕೆಗೆ ಟಿಪ್ಪಣಿಯೂ ಸಿದ್ಧವಾಗಿತ್ತು. 1928ರ ರಾಮನ್ ಪರಿಣಾಮಕ್ಕೆ ದಾರಿ ಅಲ್ಲಿಂದಲೇ. ಇಂದು ಉಪಗ್ರಹಗಳು ಕಡಲಿನ ಬಣ್ಣ ಅಳೆದು ಅದರೊಳಗೆ ಯಾವ ಪಾಚಿ ಎಷ್ಟಿದೆ ಎಂದು ಹೇಳುವಾಗ ನೀರಿನ ರಾಮನ್ ಚದುರಿಕೆಯ ಲೆಕ್ಕವನ್ನೂ ಕಳೆಯಬೇಕಾಗುತ್ತದೆ. 1999ರಲ್ಲಿ ಇಸ್ರೊ ಹಾರಿಸಿದ ಓಷನ್‌ಸ್ಯಾಟ್-1 ಬೆಳಕನ್ನು ಎಂಟು ಪಟ್ಟಿಗಳಾಗಿ ಸೀಳಿ ನೋಡುತ್ತಿತ್ತು. 2022ರ ಓಷನ್‌ಸ್ಯಾಟ್-3 ಹದಿಮೂರು ಪಟ್ಟಿಗಳಾಗಿ ಸೀಳುತ್ತದೆ. ಅಹಮದಾಬಾದಿನ ಇಸ್ರೊ ಕೇಂದ್ರದಲ್ಲಿ ಹಸಿರು ನಾಕ್ಟಿಲ್ಯೂಕಾ ಮತ್ತು ಡಯಾಟಮ್ ಎಂಬ ಪಾಚಿಯನ್ನು ಬಣ್ಣದ ವ್ಯತ್ಯಾಸದಿಂದಲೇ ಬೇರ್ಪಡಿಸುವ ಕ್ರಮ ರೂಪಿಸಿದ್ದಾರೆ.

ಈ ವ್ಯತ್ಯಾಸ ತಿಳಿಯುವುದರಲ್ಲೇ ಇಡೀ ಕಥೆಯ ತಿರುಳಿದೆ. ಅರಬ್ಬಿ ಸಮುದ್ರದ ಚಳಿಗಾಲದ ಬೆಳೆ ಹಿಂದೆ ಡಯಾಟಮ್ ಆಗಿತ್ತು. ಈಗ ಆ ಜಾಗಕ್ಕೆ ನಾಕ್ಟಿಲ್ಯೂಕಾ ಬಂದಿದೆ. ಗೋವಾ ಮೂಲದ ಜೋಕಿಮ್ ಗೋಯಿಸ್ ಮತ್ತು ಹೆಲ್ಗಾ ಗೋಮ್ಸ್ ಎಂಬ ವಿಜ್ಞಾನಿ ದಂಪತಿ, ಈಗ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಲ್ಯಾಮಾಂಟ್ ಸಂಸ್ಥೆಯಲ್ಲಿರುವವರು, ಇದನ್ನು ವರ್ಷಗಟ್ಟಲೆ ಬೆನ್ನುಹತ್ತಿದ್ದಾರೆ. ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿಯಲ್ಲಿ ಹಿಮ ಕಡಿಮೆಯಾದಂತೆ ಅಲ್ಲಿಂದ ಚಳಿಗಾಲದಲ್ಲಿ ಬೀಸುವ ಗಾಳಿಯ ಕೊರೆತ ತಗ್ಗಿದೆ. ಹಾಗಾಗಿ ಮೇಲ್ನೀರು ತಣಿದು ಭಾರವಾಗಿ ಮುಳುಗುವುದು, ತಳದ ಗೊಬ್ಬರ ಮೇಲೇಳುವುದು ಕಡಿಮೆಯಾಗಿದೆ. ಬೇಸಾಯವೊಂದನ್ನೇ ನಂಬಿದ ಡಯಾಟಮ್ ಸೊರಗಿದೆ, ಬೇಟೆಯನ್ನೂ ಬಲ್ಲ ನಾಕ್ಟಿಲ್ಯೂಕಾ ಉಳಿದುಕೊಂಡಿದೆ ಎಂಬುದು ಅವರು 2020ರಲ್ಲಿ ಮಂಡಿಸಿದ ವಾದ. ಅದಕ್ಕೂ ಮುಂಚೆ, 2014ರಲ್ಲಿ, ಆಮ್ಲಜನಕ ಕಡಿಮೆಯಾದ ನೀರು ಮೇಲಕ್ಕೆ ಹಬ್ಬುತ್ತಿರುವುದೂ ಕಾರಣವೆಂದು ಬರೆದಿದ್ದರು. ಇದನ್ನು ಎಲ್ಲರೂ ಒಪ್ಪಿಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ವಿಜ್ಞಾನಿಗಳು 2018ರಲ್ಲಿ, ಭಾರತದ ಕಡೆಯ ಅರಬ್ಬಿ ಸಮುದ್ರದಲ್ಲಿ ತಾವು ಕಂಡ ನಾಕ್ಟಿಲ್ಯೂಕಾಕ್ಕೂ ಆಮ್ಲಜನಕದ ಕೊರತೆಗೂ ನಂಟಿಲ್ಲವೆಂದು ತೋರಿಸಿದರು. ನನಗೆ ಹಿಮದ ವಾದ ಹೆಚ್ಚು ಗಟ್ಟಿಯೆನಿಸುತ್ತದೆ, ಆದರೆ ಹಿಮಾಲಯದಿಂದ ಮಸ್ಕತ್‌ವರೆಗಿನ ಸರಪಳಿಯಲ್ಲಿ ಕೊಂಡಿಗಳು ಬಹಳ.

ಆಮ್ಲಜನಕದ ಕೊರತೆಯಂತೂ ವಾದದ ವಿಷಯವಲ್ಲ. ಕಡಲ್ಗಳ್ಳರ ಹಾವಳಿ, ರಾಜಕೀಯ ಬಿಕ್ಕಟ್ಟುಗಳಿಂದ ಒಮಾನ್ ಕೊಲ್ಲಿಯಲ್ಲಿ ಸಂಶೋಧನಾ ಹಡಗುಗಳ ಓಡಾಟ ದಶಕಗಳ ಕಾಲ ವಿರಳವಾಗಿತ್ತು. ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ ಮತ್ತು ಮಸ್ಕತ್‌ನ ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯದವರು ಸೇರಿ, ಮನುಷ್ಯರಿಲ್ಲದ ಸೀಗ್ಲೈಡರ್ ಯಂತ್ರಗಳನ್ನು ನೀರಿಗೆ ಬಿಟ್ಟರು. ಅವು ಸಾವಿರ ಮೀಟರ್ ಆಳಕ್ಕೆ ಇಳಿದು ಏರಿ, ತಿಂಗಳುಗಟ್ಟಲೆ ಅಳತೆ ತಂದವು. 2018ರಲ್ಲಿ ಬಾಸ್ಟಿಯನ್ ಕೆಸ್ಟ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶದಂತೆ, ಸ್ಕಾಟ್ಲೆಂಡಿಗಿಂತ ದೊಡ್ಡ ಪ್ರದೇಶದಲ್ಲಿ ಆಳದ ನೀರಿನಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ನಾಕ್ಟಿಲ್ಯೂಕಾ ವಿಷಕಾರಿಯಲ್ಲ. ಅದರ ತೊಂದರೆ ಬೇರೆ. ಅದು ಸತ್ತಾಗ ನೀರಿಗೆ ಅಮೋನಿಯಾ ಸೇರುತ್ತದೆ, ಕೊಳೆಯುವಾಗ ಉಳಿದಷ್ಟು ಆಮ್ಲಜನಕವೂ ಹೋಗುತ್ತದೆ. ಡಯಾಟಮ್ಮನ್ನು ತಿನ್ನುವ ಬಹುಪಾಲು ಸಣ್ಣ ಜೀವಿಗಳಿಗೆ ಇದು ತುತ್ತಾಗಲು ತೀರಾ ದೊಡ್ಡದು. ಇದನ್ನು ಮುಖ್ಯವಾಗಿ ತಿನ್ನುವವು ಸಾಲ್ಪ್ ಎಂಬ ಲೋಳೆಮೈಯ ಜೀವಿ ಮತ್ತು ಲೋಳೆಮೀನಿನಂಥವು, ಅವನ್ನು ತಿನ್ನುವ ಮೀನುಗಳು ಕಡಿಮೆ. ಒಮಾನಿನವರು ಪಾಚಿಯ ಹಾವಳಿಗೆ ಹೆದರಲು ಇನ್ನೊಂದು ಕಾರಣವೂ ಇದೆ. 2008ರ ಕೊನೆಯಿಂದ 2009ರವರೆಗೆ ಕಾಕ್ಲೊಡಿನಿಯಂ ಎಂಬ ಬೇರೊಂದು ಜೀವಿ ಈ ಕರಾವಳಿಯಲ್ಲಿ ಕೆಂಪಾಗಿ ಹಬ್ಬಿ, ಮೀನು ರಾಶಿ ರಾಶಿ ಸತ್ತು, ಉಪ್ಪುನೀರನ್ನು ಕುಡಿಯುವ ನೀರಾಗಿಸುವ ಘಟಕಗಳನ್ನು ನಿಲ್ಲಿಸಬೇಕಾಯಿತು. ನದಿಯಿಲ್ಲದ ದೇಶದಲ್ಲಿ ಕಡಲಿನ ಬಣ್ಣ ಕೆಟ್ಟರೆ ಮನೆಯ ನಲ್ಲಿಯೂ ನಿಲ್ಲುತ್ತದೆ.

ಅರಬ್ಬಿ ಸಮುದ್ರದ ಎರಡೂ ದಡದಲ್ಲಿ ನಾಕ್ಟಿಲ್ಯೂಕಾ ಹೊಸ ಸುದ್ದಿಯೆಂಬಂತೆ ಮಾತಾಡುತ್ತಾರೆ. 2020ರ ನವೆಂಬರಿನಲ್ಲಿ ಮಲ್ಪೆ, ಪಡುಕೆರೆ, ಸಸಿಹಿತ್ಲು, ಕಾರವಾರದ ಅಲೆಗಳು ರಾತ್ರಿ ನೀಲಿಯಾಗಿ ಒಡೆಯತೊಡಗಿದಾಗ, ಕೊರೊನಾ ಭಯ ಮರೆತು ಜನ ಜಾತ್ರೆಗೆ ಬಂದಂತೆ ಬಂದರು. ಸೆಲ್ಫಿಯ ಫ್ಲ್ಯಾಷ್ ಹಾಕಿ ಅದೇ ಬೆಳಕನ್ನು ಅಡಗಿಸಿಕೊಂಡವರೂ ಇದ್ದರು. ಅದಕ್ಕೂ 70 ವರ್ಷ ಹಿಂದೆ, 1950ರಲ್ಲಿ, ಬಿ.ಎಸ್. ಭೀಮಾಚಾರ್ ಮತ್ತು ಪಿ.ಸಿ. ಜಾರ್ಜ್ ಎಂಬ ಮೀನುಗಾರಿಕಾ ವಿಜ್ಞಾನಿಗಳು, ಮಲಬಾರ್ ಮತ್ತು ಕೆನರಾ ಕರಾವಳಿಯಲ್ಲಿ ಮೀನು ಇದ್ದಕ್ಕಿದ್ದಂತೆ ಸಿಗದಂತಾಗುವುದಕ್ಕೂ ನಾಕ್ಟಿಲ್ಯೂಕಾದಿಂದ ನೀರಿನ ಬಣ್ಣ ತಿರುಗುವುದಕ್ಕೂ ಸಂಬಂಧವಿರಬೇಕೆಂದು ಪ್ರಬಂಧ ಬರೆದಿದ್ದರು. ಉಪಗ್ರಹವಿಲ್ಲ, ಸೀಗ್ಲೈಡರ್ ಇಲ್ಲ. ದೋಣಿ, ಬಕೆಟ್, ಸೂಕ್ಷ್ಮದರ್ಶಕ, ಮತ್ತು ನೀರು ನೋಡಿ ಬಲೆ ಬಿಡುವ ಮೊಗವೀರರ, ಮಾಪಿಳ್ಳೆಗಳ ಊರಿನಲ್ಲಿ ಕೆಲಸ. ಮೀನು ಸತ್ತಿತೇ, ಆ ನೀರು ಬಿಟ್ಟು ಓಡಿತೇ ಎಂಬ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿದೆ.

ಬೂತಾಯಿಯ ವಿಷಯವನ್ನೇ ನೋಡಿ. ಡಯಾಟಮ್ ತಿಂದು ಕೊಬ್ಬುವ ಮೀನು ಅದು. ಕಳೆದ ದಶಕದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಅದರ ಫಸಲು ಪದೇ ಪದೇ ಕೈಕೊಟ್ಟಿತು. ಅದಕ್ಕೆ ಅತಿಯಾದ ಮೀನುಗಾರಿಕೆ, ಎಲ್ ನಿನೊ, ನೀರಿನ ಬಿಸಿ ಎಂದು ಕಾರಣಗಳು ಹಲವು. ಎಲ್ಲ ತಪ್ಪನ್ನೂ ನಾಕ್ಟಿಲ್ಯೂಕಾದ ತಲೆಗೆ ಕಟ್ಟುವುದು ನ್ಯಾಯವಲ್ಲ. ಮಂಗಳೂರಿನ ಮಾರುಕಟ್ಟೆಗೆ ಆಗ ಐಸ್ ತುಂಬಿದ ಪೆಟ್ಟಿಗೆಗಳಲ್ಲಿ ಬಂದದ್ದು ಒಮಾನ್ ಬೂತಾಯಿ. ಟಿಪ್ಪುವಿನ ಕಾಲದಲ್ಲಿ ಮಂಗಳೂರಿನ ಅಕ್ಕಿ ಮಸ್ಕತ್‌ಗೆ ಹೋಗುತ್ತಿತ್ತು, ಅಲ್ಲಿ ಅವನದೊಂದು ವ್ಯಾಪಾರದ ಕೋಠಿಯೂ ಇತ್ತು. ಈ ಬಾರಿ ಮೀನು ಈ ಕಡೆಗೆ ಬಂತು. ಗಾತ್ರದಲ್ಲಿ ದೊಡ್ಡದು, ನೋಡಲು ಚೆಂದ, ಆದರೆ ಎಣ್ಣೆಯಂಶ ಸಾಲದು, ಪುಳಿಮುಂಚಿ ಸಾರಿಗೆ ಊರಿನದ್ದೇ ಆಗಬೇಕು ಎಂದು ಗೊಣಗುತ್ತಲೇ ಜನ ಕೊಂಡರು. ಸುಲ್ತಾನರ ನಾಡಿನ ಆ ಬೂತಾಯಿ ಮೇಯುವುದೂ ಡಯಾಟಮ್ಮನ್ನೇ, ಚಳಿಗಾಲದಲ್ಲಿ ಹಸಿರು ಲೋಳೆ ಹಬ್ಬುವ ಅದೇ ಕಡಲಿನಲ್ಲೇ.